ಮೊದಲ ಗುಟುಕು

ನಮ್ಮಪ್ಪ ಜಟ್ಟಿಂಗಪ್ಪನಿಗೆ ಕೋಪ ಮೂಗಿನ ತುದಿಯಲ್ಲಿ, ಅವಸರ ಕಾಲಿನ ತುದಿಯಲ್ಲಿ. ಊಟಕ್ಕೆ ಕೂತರೆ ಅನ್ನ ಬೀಳುವ ಮೊದಲೇ ಸಾರು ಕೇಳುವ ಮನುಷ್ಯ. ಇಂಥವನು ಕೆಟ್ಟು ನಿಂತ ಜೀಪೊಂದನ್ನು ಮನೆಗೆ ತಂದು, ಎಂಜಿನ್ನಿನ ಒಂದೊಂದೇ ಬೋಲ್ಟು ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿದ ಅಂದರೆ ಯಾರು ನಂಬಬೇಕು? ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ. ಅವನಲ್ಲಿದ್ದ ತಾಳ್ಮೆಯೆಲ್ಲ ಆ ಎಂಜಿನ್ನಿಗೇ ಖರ್ಚಾಗಿ ಮನೆಯವರ ಪಾಲಿಗೆ ಏನೂ ಉಳಿದಿರಲಿಲ್ಲ, ಅದು ಬೇರೆ ಮಾತು.

ಲಿಂಗನಮಕ್ಕಿ ಅಣೆಕಟ್ಟೆಯ ಕೆಲಸ ನಡೆಯುವಷ್ಟು ಕಾಲ ಅಪ್ಪ ಅಲ್ಲಿ ಗುತ್ತಿಗೆದಾರರೊಬ್ಬರ ಲಾರಿ ಓಡಿಸುತ್ತಿದ್ದ. ಅಣೆಕಟ್ಟೆ ಮುಗಿಯಿತು, ಅಪ್ಪನ ಕೆಲಸವೂ ಮುಗಿಯಿತು. ಅಲ್ಲಿನ ಹಳೇ ಸಾಮಾನು ಹರಾಜಾದಾಗ ಯಾರೂ ಕೂಗದ ಯುದ್ಧಕಾಲದ ಜೀಪೊಂದನ್ನು ತಾನು ಕೂಗಿ, ಎತ್ತು ಕಟ್ಟಿ ಎಳೆಸಿಕೊಂಡು ಬಂದ. ಅದರ ಸ್ಟೇರಿಂಗು ಎಡಗಡೆಗಿತ್ತು. ಕಾರ್ಬೊರೇಟರ್ ಇರಬೇಕಾದ ಜಾಗದಲ್ಲಿ ಇಲಿ ಗೂಡು ಕಟ್ಟಿತ್ತು. ತೀರ್ಥಹಳ್ಳಿಯ ಸಾಹುಕಾರರೊಬ್ಬರ ಕೊಟ್ಟಿಗೆಯಲ್ಲಿ ಇಂಥದೇ ಇನ್ನೊಂದು ಸತ್ತು ಬಿದ್ದಿದೆಯೆಂದು ಯಾರೋ ಹೇಳಿದ್ದೇ ತಡ, ಅಲ್ಲಿಗೆ ಅಲೆದು ಅಲೆದು ಅದರ ಕಾರ್ಬೊರೇಟರನ್ನು ಪಂಚೆಯಲ್ಲಿ ಸುತ್ತಿಕೊಂಡು ತಂದ. ಸಾಗರದಲ್ಲಿ ಇಳಿದು ವರದಹಳ್ಳಿಗೆ ಹೋಗುವ ಭಕ್ತರನ್ನು ಬಾಡಿಗೆಗೆ ಕರೆದೊಯ್ಯಬೇಕು ಎನ್ನುವುದು ಅವನ ಯೋಜನೆ. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ” ಅಂತ ನಮ್ಮವ್ವ ಕೆರಿಯಮ್ಮ ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದಳು.

ನನ್ನ ಅವಸರ ಬೇರೆ. ಅಣೆಕಟ್ಟೆ ತುಂಬಿದ ಎರಡನೇ ಬೇಸಿಗೆ, ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಮ್ಮ ಮನೆ ಬಟ್ಟೆಮಲ್ಲಪ್ಪ ದಾಟಿ ಸಾಗರದ ಕಡೆಗೆ ಬರುವಾಗ ರಸ್ತೆಯ ಪಕ್ಕದಲ್ಲೇ ಇತ್ತು. ಹೊಸನಗರದಿಂದ ಸಾಗರಕ್ಕೆ ಹೋಗುವ ಬೆಳಗಿನ ಬಸ್ಸು ಹತ್ತಿ ನಾನು ಹೈಸ್ಕೂಲಿಗೆ ಹೋಗಿ ಬರುತ್ತಿದ್ದೆ. ಅದು ತಪ್ಪಿದರೆ ಮಧ್ಯಾಹ್ನದ ತನಕ ಇನ್ನೊಂದಿಲ್ಲ. ಅವ್ವ ಆಗಲೇ ತೀರ್ಥಹಳ್ಳಿ ಕಡೆಯ ಗಂಡೊಂದನ್ನು ನೋಡಿ ಇಟ್ಟಿದ್ದಳು. ಪಾಸಾದರೆ ಟೀಚರ್ ಟ್ರೈನಿಂಗು, ಫೇಲಾದರೆ ಹಸೆಮಣೆ ಎಂದು ಅವಳಿಗೂ ಅಪ್ಪನಿಗೂ ಮಾತಾಗಿತ್ತು. ಒಂದೇ ಒಂದು ಪೇಪರಿಗೆ ಹೋಗದಿದ್ದರೂ ಫೇಲೇ. ಮೊದಲ ದಿನ ಕನ್ನಡ, ಮಾರನೆಯ ದಿನ ಗಣಿತ. ಕನ್ನಡಕ್ಕೆ ನಾನು ಹೆದರಿರಲಿಲ್ಲ, ಗಣಿತ ನೆನೆದರೆ ಊಟ ಸೇರುತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ಸಂಜೆಗೆ ಸರಿಯಾಗಿ ಅಪ್ಪ ಎಂಜಿನ್ನಿನ ಕೊನೆಯ ನಟ್ಟು ಬಿಗಿದ. ಬಿಗಿದವನೇ ಕೈ ಒರೆಸಿಕೊಳ್ಳುತ್ತ, “ನಾಳೆ ಕನ್ನಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ. ಮೊದಲ ಸವಾರಿ ಅವಳದ್ದೇ” ಅಂದ.

“ನಾ ಬಸ್ಸಿಗೇ ಹೋಗ್ತೀನಿ ಅಪ್ಪ. ನಿನ್ನ ಗಾಡಿ ಇನ್ನೂ ಒಂದು ಸಲನೂ ಚಾಲು ಆಗಿಲ್ಲ” ಅಂದೆ.

“ಮನೆ ಬಾಗಿಲಲ್ಲಿ ಸ್ವಂತ ಗಾಡಿ ಇಟ್ಕೊಂಡು ನನ್ನ ಮಗಳು ಬಸ್ಸಲ್ಲಿ ನಿಂತ್ಕೊಂಡು ಹೋಗ್ಬೇಕನಾ? ಸುಮ್ನಿರು.”

ಅಪ್ಪ ಸುಮ್ನಿರು ಅಂದ ಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಅಜ್ಜಿ ಗುತ್ಯಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳು ಅಪ್ಪನ ತಾಯಿ. ಹಿಂದಿನ ವಾರವಷ್ಟೇ ಸಾಗರದ ಹತ್ತಿರ ತಂಗಿಯ ಮನೆಗೆಂದು ನಡೆದುಕೊಂಡು ಹೋಗಿ ಬಂದಿದ್ದಳು. ಬಸ್ಸಿಗೆ ಹೋಗೆಂದರೆ ಕೇಳಿರಲಿಲ್ಲ. ಅವಳು ಬೀಜ ಬಿಡಿಸುವ ಕತ್ತಿ ಕೆಳಗಿಟ್ಟು, “ಅಲ್ಲಾ, ಎಲ್ಲಾ ಕೂಡಿಸಿ ಆಯ್ತಲ್ಲ. ಈಗ್ಲೇ ಒಂದ್ಸಲ ತಿರುಗಿಸಿ ನೋಡ್ಬಾರ್ದನಾ?” ಅಂತ ಕೇಳಿದಳು.

ಎಂಜಿನ್ನಿನ ಬಗ್ಗೆ ಯಾರಾದರೂ ಕೇಳಿದರೆ ಅಪ್ಪನ ಕೋಪ ಎಲ್ಲಿ ಹೋಗುತ್ತಿತ್ತೋ. ಅವನು ಅವಳ ಪಕ್ಕದಲ್ಲಿ ಕೂತು ಸಮಾಧಾನವಾಗಿ ಹೇಳಿದ. “ಹಾಗೆ ತಿರುಗಿಸ್ಬಾರ್ದು ಅವ್ವ. ಟಾಂಕಿ, ಪೈಪು, ಪಂಪು, ಕಾರ್ಬೇಟರು, ಎಲ್ಲಾ ಒಣಗಿ ಕೂತಿದೆ. ಪೆಟ್ರೋಲು ಸೀಟಿನಡಿಯಿಂದ ಅಲ್ಲೀತನಕ ಬರೋವಷ್ಟರಲ್ಲಿ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಹೊಸ ಬೇರಿಂಗು ಉಜ್ಜಿಹೋಗ್ತದೆ. ಅದಕ್ಕೆ ಮೊದಲು ಕಾರ್ಬೇಟರಿನ ಬಟ್ಟಲಿಗೆ ಕೈಯಾರೆ ಒಂದೊಂದು ಹನಿ ಬಿಟ್ಟು ತುಂಬಿಸ್ಬೇಕು. ಎಳೆಗೂಸಿಗೆ ಒಳಲೆಯಲ್ಲಿ ಹಾಲು ಹಾಕ್ತೀರಲ್ಲ, ಹಾಗೆ. ಮೊದಲ ಗುಟುಕು ಒಳಗೆ ಹೋಯ್ತು ಅಂದ್ರೆ ಆಮೇಲೆ ತಾನೇ ಎಳ್ಕೊಂಡು ಕುಡೀತದೆ.”

“ಮೊದಲ ಗುಟುಕು” ಅಂದಳು ಅಜ್ಜಿ. ಆಮೇಲೆ ಮತ್ತೆ ಹುಣಸೆಬೀಜಕ್ಕೆ ಕೈ ಹಾಕಿದಳು.

ಪೆಟ್ರೋಲು ನಮ್ಮ ಮನೆಯಲ್ಲಿರಲಿಲ್ಲ. ವೀಳ್ಯದೆಲೆ ವ್ಯಾಪಾರದ ಬೆಳ್ಳಪ್ಪ ಅವತ್ತು ಸಾಗರದ ಸಂತೆಗೆ ಹೋದವನು ಸೈಕಲ್ಲಿನ ಹಿಂದೆ ಡಬ್ಬ ಕಟ್ಟಿಕೊಂಡು ತಂದಿದ್ದ. ಒಲೆ ಉರಿಯುವ ಮನೆಯಲ್ಲಿ ಅದನ್ನಿಡಲು ಅವ್ವ ಬಿಡಲಿಲ್ಲ. ಹಾಗಾಗಿ ಡಬ್ಬ ರಾತ್ರಿಯೆಲ್ಲ ಪಕ್ಕದ ಬೆಳ್ಳಪ್ಪನ ಮನೆಯ ಎಲೆ ಚಪ್ಪರದಲ್ಲಿತ್ತು. ಜೀಪಿನ ಟಾಂಕಿ ಒಣಗಿಕೊಂಡೇ ಬೆಳಗು ಕಂಡಿತು.

ಬೆಳಿಗ್ಗೆ ನಾನು ಗಂಜಿ ಉಂಡು, ಪೆನ್ನಿಗೆ ಇಂಕು ತುಂಬಿ, ಹಾಲ್ ಟಿಕೇಟನ್ನು ಹತ್ತು ಸಲ ಮುಟ್ಟಿ ನೋಡಿಕೊಂಡು ಅಂಗಳಕ್ಕೆ ಬಂದೆ. ಬೆಳ್ಳಪ್ಪ ಡಬ್ಬ ತಂದಿಟ್ಟಿದ್ದ. ಅಪ್ಪ ಒಂದು ಸೀಸೆಗಾಗುವಷ್ಟು ಪೆಟ್ರೋಲು ಬೇರೆ ತೆಗೆದಿಟ್ಟು ಉಳಿದದ್ದನ್ನು ಟಾಂಕಿಗೆ ಸುರಿದ. ಅಷ್ಟರಲ್ಲಿ ತಿರುವಿನಾಚೆ ಬಸ್ಸಿನ ಸದ್ದು. ನನ್ನ ಕಾಲು ತಾನಾಗಿ ರಸ್ತೆಯ ಕಡೆಗೆ ನಡೆಯಿತು. ಬಸ್ಸು ನಿಧಾನಿಸಿತು, ಕಂಡಕ್ಟರ್ ಬಾಗಿಲು ತೆಗೆದು ನಿಂತ. ಅಪ್ಪ ಅಂಗಳದಿಂದಲೇ ಕೈ ಬೀಸಿದ. “ಹೋಗ್ರಿ, ಹೋಗ್ರಿ. ನನ್ನ ಮಗಳು ಇವತ್ತು ಸ್ವಂತ ಗಾಡೀಲಿ ಬರ್ತಾಳೆ. ಸಾಗರದ ಹತ್ರ ನಿಮ್ಮನ್ನೇ ಹಿಂದೆ ಹಾಕ್ತೀವಿ.” ಬಸ್ಸಿನವರೆಲ್ಲ ನಕ್ಕರು. ಧೂಳೆಬ್ಬಿಸಿಕೊಂಡು ಬಸ್ಸು ಹೋಯಿತು, ನಾನು ಆ ಧೂಳಿನಲ್ಲಿ ನಿಂತುಕೊಂಡೆ.

“ಕನ್ನಮ್ಮ, ನಿನ್ನ ಇಂಕ್ ಫಿಲ್ಲರ್ ಕೊಡು” ಅಂದ ಅಪ್ಪ.

ಕೊಟ್ಟೆ. ಅಪ್ಪ ಬಾನೆಟ್ ಎತ್ತಿ, ಕಾರ್ಬೊರೇಟರಿಗೆ ಬರುವ ಪೈಪಿನ ನಟ್ಟು ಸಡಿಲಿಸಿ, ಆ ತೂತಿನಿಂದ ಫಿಲ್ಲರಿನಲ್ಲಿ ಹನಿ ಹನಿಯಾಗಿ ಪೆಟ್ರೋಲು ಬಿಟ್ಟ. ಅವಸರದ ಮನುಷ್ಯನ ಕೈ ಆಗ ಮಾತ್ರ ಎಷ್ಟು ನಿಧಾನವಾಗಿತ್ತೆಂದರೆ, ನನಗೆ ಫಿಲ್ಲರ್ ಕಿತ್ತುಕೊಂಡು ನಾನೇ ಸುರಿಯೋಣ ಅನ್ನಿಸಿತು. ಬಟ್ಟಲು ತುಂಬಿತು, ನಟ್ಟು ಬಿಗಿದಾಯಿತು. ಅವ್ವ ಚಕ್ರದಡಿ ನಿಂಬೆಹಣ್ಣಿಟ್ಟಳು. ಅಪ್ಪ ಮುಂದೆ ಬಂದು ಹ್ಯಾಂಡಲ್ ಹಾಕಿ ಒಂದು ಸುತ್ತು ತಿರುಗಿಸಿದ. ಎರಡನೇ ಸುತ್ತಿಗೆ ಎಂಜಿನ್ ಗುಡುಗಿತು.

ಬೆಳ್ಳಪ್ಪ ಚಪ್ಪಾಳೆ ತಟ್ಟಿದ. ಹೊಟ್ಟೆಗೆ ಹಿಟ್ಟಿಲ್ಲ ಅನ್ನುತ್ತಿದ್ದ ಅವ್ವ ಕೂಡ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಕ್ಕಳು. ಅಪ್ಪ ನನ್ನ ಕಡೆ ನೋಡಿದ ನೋಟ ಈಗಲೂ ಕಣ್ಣ ಮುಂದಿದೆ, ಅಷ್ಟು ಖುಷಿಯಾದ ಅಪ್ಪನನ್ನು ನಾನು ಮತ್ತೆಂದೂ ನೋಡಲಿಲ್ಲ. ನಾನು ಹತ್ತಿ ಕೂತೆ. ಜೀಪು ಅಂಗಳ ದಾಟಿ ರಸ್ತೆಗೆ ಮೂಗು ಹಾಕಿತು, ಎರಡು ಸಲ ಕೆಮ್ಮಿತು, ನಿಂತಿತು.

“ಇರ್ಲಿ, ಹೊಸತಲ್ಲ” ಅಂದ ಅಪ್ಪ. ಮತ್ತೆ ಫಿಲ್ಲರು, ಮತ್ತೆ ಹನಿ, ಮತ್ತೆ ಹ್ಯಾಂಡಲು. ಮತ್ತೆ ಗುಡುಗಿತು, ಅಷ್ಟೇ ಹೊತ್ತು ಓಡಿ ಮತ್ತೆ ನಿಂತಿತು. ಕೈಯಾರೆ ಹಾಕಿದ್ದನ್ನು ಕುಡಿಯುತ್ತದೆ, ತಾನಾಗಿ ಎಳೆದುಕೊಂಡು ಕುಡಿಯುವುದಿಲ್ಲ. ಅಪ್ಪನ ಮೂಗಿನ ತುದಿ ಕೆಂಪಗಾಯಿತು. ಪಂಪಿನದ್ದೇ ದೋಷ ಎಂದು ತೀರ್ಮಾನಿಸಿ ಸ್ಪ್ಯಾನರ್ ಹಿಡಿದ.

ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಅಂಗಳದಿಂದ ರಸ್ತೆಗೂ ರಸ್ತೆಯಿಂದ ಅಂಗಳಕ್ಕೂ ಓಡಾಡಿದೆ. ಒಂದಾದರೂ ಲಾರಿ ಬರಬಾರದೇ? ಎತ್ತಿನ ಗಾಡಿಯೊಂದು ಬಂತು, ಅದೂ ಹೊಸನಗರದ ಕಡೆಗೆ. ನಡೆದು ಹೋದರೆ ಪೇಪರ್ ಮುಗಿಯುವ ಹೊತ್ತಿಗೆ ಸಾಗರ. ಬೆಳ್ಳಪ್ಪ ತನ್ನ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗ್ತೀನಿ ಅಂದ, ಆದರೆ ಅದರ ಹಿಂದಿನ ಚಕ್ರ ಪೆಟ್ರೋಲು ಹೊತ್ತು ಬಂದು ಅಲ್ಲಾಡುತ್ತಿತ್ತು, ಏರಿನಲ್ಲಿ ಇಬ್ಬರನ್ನು ತಡೆಯುವಂತಿರಲಿಲ್ಲ. “ಇನ್ನೊಂದು ಚೂರು, ಇನ್ನೊಂದೇ ಚೂರು” ಅನ್ನುತ್ತಿದ್ದ ಅಪ್ಪ. ಅವನ ಆ ಮಾತು ಕೇಳಿದಾಗೆಲ್ಲ ನನಗೆ ಅಳು ಬರುವ ಬದಲು ಸಿಟ್ಟು ಬರುತ್ತಿತ್ತು. ನಾನೂ ಅವನ ಮಗಳೇ ತಾನೆ.

“ಬಸ್ಸಿಗೆ ಹೋಗ್ತೀನಿ ಅಂದ್ರೆ ಬಿಡ್ಲಿಲ್ಲ. ಈಗ ಹಸೆಮಣೆ ನೀನೇ ಕೆತ್ತು” ಅಂದುಬಿಟ್ಟೆ.

ಅಪ್ಪ ತಿರುಗಿ ನೋಡಲಿಲ್ಲ. ಸ್ಪ್ಯಾನರನ್ನು ಜೋರಾಗಿ ಎಳೆದ. ಪಂಪು ಬಿಚ್ಚಿಕೊಂಡು ಬಂತು, ಜೊತೆಗೆ ಅದರೊಳಗಿನ ತೆಳ್ಳನೆಯ ಪರದೆಯೂ ಹರಿಯಿತು. ಪಂಪಿಗೆ ಅದೇ ಜೀವ, ಅದು ಹರಿದರೆ ಪಂಪು ಎಳೆಯುವುದಿಲ್ಲ. ತಿಂಗಳುಗಟ್ಟಲೆ ಒಂದು ಮೊಳೆಯನ್ನೂ ಕೆಡಿಸದೆ ಕೆಲಸ ಮಾಡಿದವನು ಒಂದು ಗಳಿಗೆಯ ಅವಸರದಲ್ಲಿ ಅದನ್ನು ಹರಿದು ಹಾಕಿದ. ಆಮೇಲೆ ಪಂಪಿನ ತಳದಲ್ಲಿದ್ದ ಗಾಜಿನ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದ. ಅದನ್ನೇ ಮೊದಲು ನೋಡಬೇಕಿತ್ತು.

ಗಾಜಿನೊಳಗೆ ಕೆಳಗಡೆ ಏನೋ ಬೇರೆಯಾಗಿ ನಿಂತಿತ್ತು. ಅಪ್ಪ ಅಂಗೈಗೆ ಸುರಿದುಕೊಂಡ. ಪೆಟ್ರೋಲಾದರೆ ಕೈ ತಣ್ಣಗೆ ಮಾಡಿ ಹಾರಿಹೋಗುತ್ತದೆ. ಇದು ಹಾರಲಿಲ್ಲ, ಅಂಗೈಯಲ್ಲಿ ಕೂತೇ ಇತ್ತು.

“ನೀರು” ಅಂದ ಅಪ್ಪ. ಕೂಗಾಡುವವನ ದನಿ ತಗ್ಗಿತ್ತು, ನನಗೆ ಅದೇ ಹೆದರಿಕೆ. ತಲೆ ಎತ್ತಿ ಬೆಳ್ಳಪ್ಪನನ್ನು ನೋಡಿದ. “ರಾತ್ರಿ ಡಬ್ಬ ಯಾರ ಮನೇಲಿತ್ತು?”

“ನಮ್ಮನೇಲೇ ಇತ್ತು ಜಟ್ಟಣ್ಣ. ಯಾಕೆ?”

“ಎಷ್ಟು ತೆಗ್ದೆ? ತೆಗ್ದಷ್ಟಕ್ಕೆ ನೀರು ಹೊಯ್ದು ಇಟ್ಟೆಯನಾ? ಕೇಳಿದ್ರೆ ಕೊಡ್ತಿದ್ನಲ್ಲ ಮಾರಾಯ. ನನ್ನ ಮಗಳ ಪರೀಕ್ಷೆ ದಿನವೇ ಬೇಕಿತ್ತಾ ನಿನಗೆ ಈ ಕೆಲಸ?”

ಬೆಳ್ಳಪ್ಪನ ಮುಖ ಸಣ್ಣದಾಯಿತು. ಬಿಸಿಲಲ್ಲಿ ಸಾಗರದಿಂದ ಆ ಡಬ್ಬ ಹೊತ್ತು ತಂದವನು ಅವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರೆ, ಬೆಳ್ಳಪ್ಪ ಆ ಜಾತಿಯವನಲ್ಲ. ಖಾಲಿ ಡಬ್ಬವನ್ನು ಒಂದು ಸಲ ನೋಡಿ, ಸೈಕಲ್ ಹಿಡಿದುಕೊಂಡು, “ನಾನು ಎಲೆ ಮಾರೋನು ಜಟ್ಟಣ್ಣ. ಬಾಡಿದ ಎಲೆ ಕೂಡ ಒಳಗಿಟ್ಟು ಮಾರಿದವನಲ್ಲ” ಅಂದವನೇ ರಸ್ತೆಗಿಳಿದ.

ಜಗಲಿಯಲ್ಲಿ ಅಜ್ಜಿ ಎದ್ದು ನಿಂತಿದ್ದಳು. ಆಗ ನನಗೆ ಹೊಳೆಯಿತು, ಬೆಳಗಿನಿಂದ ಅಜ್ಜಿ ಒಂದು ಮಾತೂ ಆಡಿರಲಿಲ್ಲ. ದಾರಿಹೋಕರನ್ನೂ ಕರೆದು ಮಾತಾಡಿಸುವ ಹೆಂಗಸು ಅವಳು. ಬೆಳ್ಳಪ್ಪನ ಬೆನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನನ್ನು ನೋಡುವಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು.

“ಅವನ್ನ ಯಾಕೆ ಬೈತೀಯಾ? ನೀರು ಹಾಕಿದ್ದು ನಾನು” ಅಂದಳು.

“ನೀನಾ?”

“ನೀರಲ್ಲ, ತೀರ್ಥ. ವರದಹಳ್ಳೀದು. ಹೋದ ವಾರ ತಂಗಿ ಮನೆಗೆ ಅಂತ ಹೇಳಿ ಅಲ್ಲಿಗೇ ಹೋಗಿದ್ದೆ. ಕನ್ನಮ್ಮ ಪಾಸಾಗ್ಲಿ ಅಂತ ಹರಕೆ ಹೊತ್ತು ಒಂದು ಸೀಸೆ ತಂದೆ. ಅರ್ಧ ಇವತ್ತು ಅವಳ ಗಂಜಿಗೆ ಹಾಕ್ದೆ. ಇನ್ನರ್ಧ ನಿನ್ನ ಟಾಂಕಿಗೆ. ನೀನೇ ಹೇಳ್ದೆಯಲ್ಲ, ಎಲ್ಲಾ ಒಣಗಿ ಕೂತಿದೆ, ಮೊದಲ ಗುಟುಕು ಹೋಗ್ಬೇಕು ಅಂತ. ಹುಟ್ಟಿದ ಕೂಸಿಗೂ, ಹೋಗೋ ಜೀವಕ್ಕೂ ಬಾಯಿಗೆ ತೀರ್ಥ ಬಿಡ್ತೀವಿ. ಇದೂ ಹೊಸದಾಗಿ ಹುಟ್ಟಿದ್ದೇ ಅಲ್ಲನಾ. ಮೊದಲ ಗುಟುಕು ಅದೇ ಆಗ್ಲಿ ಅಂತ ಬೆಳಕು ಹರಿಯೋ ಮುಂಚೆ ಬಂದು ಹಾಕ್ದೆ.”

ಹೊರಗಿನವರಿಗೆ ಇದು ನಗುವ ವಿಷಯ ಇರಬಹುದು. ನಮಗೆ ನಗು ಬರಲಿಲ್ಲ. ಹೊತ್ತ ಹರಕೆ ಕೈಗೂಡುವ ತನಕ ಬಾಯಿ ಬಿಡುವ ಹಾಗಿಲ್ಲ, ಬಾಯಿ ಬಿಟ್ಟರೆ ಫಲ ಹೋಯಿತು ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಪ್ಪ ಪಂಪು ಬಿಚ್ಚುತ್ತಿದ್ದ ಅಷ್ಟು ಹೊತ್ತೂ ಅವಳು ಅದಕ್ಕೇ ತುಟಿ ಬಿಗಿದು ಕೂತಿದ್ದಳು.

“ಹೇಳ್ಬಾರ್ದಿತ್ತು ಅಜ್ಜಿ” ಅಂತ ನನ್ನ ಬಾಯಿಂದ ಬಂತು. ನನಗೆ ನಿಜಕ್ಕೂ ಹಾಗೇ ಅನ್ನಿಸಿತ್ತು.

“ಹರಕೆ ಇನ್ನೊಂದು ಹೊರಬಹುದು ಮಗಾ. ಕಳ್ಳ ಅನ್ನಿಸ್ಕೊಂಡು ಅವನು ನಾಳೆ ಯಾರ ಮನೆ ಬಾಗಿಲಿಗೆ ಎಲೆ ಮಾರಕ್ಕೆ ಹೋಗ್ತಾನೆ?”

ಅಪ್ಪ ಇಬ್ಬರನ್ನೂ ನೋಡಿದ. ಖಾಲಿ ಡಬ್ಬ ಎತ್ತಿಕೊಂಡ. ಟಾಂಕಿಯೊಳಗೆ ರಬ್ಬರ್ ಪೈಪನ್ನು ಮೇಲೆ ಮೇಲೆಯೇ ಇಳಿಬಿಟ್ಟು, ಬಾಯಲ್ಲಿ ಎಳೆದು, ತಳದ ನೀರು ಅಲ್ಲಾಡದ ಹಾಗೆ ಮೇಲಿನ ಪೆಟ್ರೋಲನ್ನಷ್ಟೇ ಡಬ್ಬಕ್ಕೆ ಇಳಿಸಿದ. ಉಗಿದು, ಬಾಯಿ ಒರೆಸಿಕೊಂಡು, “ಪಂಪು ಬೇಡ. ಡಬ್ಬ ಎತ್ತರದಲ್ಲಿ ಹಿಡಿದ್ರೆ ಪೆಟ್ರೋಲು ತಾನೇ ಇಳೀತದೆ. ಆದ್ರೆ ಹಿಡಿಯೋಕೆ ಒಬ್ಬ ಗಟ್ಟಿ ಗಂಡಸು ಬೇಕು” ಅಂದ.

ಸುತ್ತಮುತ್ತ ಇದ್ದ ಗಟ್ಟಿ ಗಂಡಸು ಬೆಳ್ಳಪ್ಪ ಒಬ್ಬನೇ. ಅಪ್ಪ ರಸ್ತೆಯುದ್ದಕ್ಕೂ ಓಡಿದ. ನಾನೂ ಹಿಂದೆಯೇ ಓಡಿದೆ. ಜೀವಮಾನದಲ್ಲಿ ಯಾರ ಹತ್ತಿರವೂ ತಪ್ಪಾಯಿತು ಅಂದವನಲ್ಲ ಅವನು, ಎಲ್ಲಿ ಹೇಳದೆ ಉಳಿಯುತ್ತಾನೋ ಅಂತ ನನಗೆ ಹೆದರಿಕೆ.

“ಬೆಳ್ಳಪ್ಪಾ, ನಿಲ್ಲು ಮಾರಾಯ. ನೀರು ಹಾಕಿದ್ದು ನಮ್ಮವ್ವ. ನನ್ನ ಬಾಯಿಗೆ ಚಪ್ಪಲಿ ತಗೊಂಡು ಹೊಡಿ. ಸಾಗರದಲ್ಲಿ ಹೊಡಿ, ನಾಲ್ಕು ಜನರ ಎದುರಲ್ಲೇ ಹೊಡಿ. ಈಗ ಬಂದು ಡಬ್ಬ ಹಿಡಿ.”

ಬೆಳ್ಳಪ್ಪ ಸೈಕಲ್ ನಿಲ್ಲಿಸಿದ. ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದ. “ಹಿಡೀತೀನಿ. ನಿನಗಲ್ಲ, ಈ ಹುಡುಗಿಗೆ” ಅಂದ.

ಬೆಳ್ಳಪ್ಪ ಜೀಪಿನ ಮುಂದಿನ ಮಡ್‌ಗಾರ್ಡಿನ ಮೇಲೆ ಕೂತು, ಒಂದು ಕೈಯಲ್ಲಿ ಗಾಜಿನ ಚೌಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಡಬ್ಬ ಎತ್ತಿ ಹಿಡಿದ. ಅದರಿಂದ ರಬ್ಬರ್ ಪೈಪು ಸೀದಾ ಕಾರ್ಬೊರೇಟರಿಗೆ. ಅಪ್ಪ ಬಟ್ಟಲಿನ ನೀರು ಚೆಲ್ಲಿ, ಫಿಲ್ಲರಿನಲ್ಲಿ ಮತ್ತೊಮ್ಮೆ ಹನಿ ಬಿಟ್ಟು, ಹ್ಯಾಂಡಲ್ ತಿರುಗಿಸಿದ. ಗುಡುಗಿತು. ನಾವೆಲ್ಲ ಕಾದೆವು. ಈ ಸಲ ನಿಲ್ಲಲಿಲ್ಲ. ಹೊರಡುವಾಗ ತಿರುಗಿ ನೋಡಿದೆ, ಅಜ್ಜಿ ಜಗಲಿಯಲ್ಲಿ ಇರಲಿಲ್ಲ.

ಆ ಸವಾರಿ ನಾನು ಸತ್ತರೂ ಮರೆಯುವುದಿಲ್ಲ. ಪ್ರತಿ ಹೊಂಡಕ್ಕೂ ಡಬ್ಬ ತುಳುಕಿ ಬೆಳ್ಳಪ್ಪನ ತೋಳು ಒದ್ದೆಯಾಗುತ್ತಿತ್ತು, ಉರಿಗೆ ಅವನು ಹಲ್ಲು ಕಚ್ಚುತ್ತಿದ್ದ. ಇಳಿಜಾರಿನಲ್ಲಿ ಅವನು ಡಬ್ಬವನ್ನು ಎದೆಗೆ ಅವಚಿಕೊಂಡರೆ ಎಂಜಿನ್ ಕೆಮ್ಮುತ್ತಿತ್ತು. “ಎತ್ತು, ಎತ್ತು” ಅಂತ ಅಪ್ಪ ಕೂಗುತ್ತಿದ್ದ. “ಬಾಯಿ ಮುಚ್ಕೊಂಡು ದಾರಿ ನೋಡು” ಅಂತ ಬೆಳ್ಳಪ್ಪ ಕೂಗುತ್ತಿದ್ದ. ನಾನು ಹಿಂದೆ ಕೂತು ಪದ್ಯಗಳನ್ನು ನೆನಪು ಮಾಡಿಕೊಳ್ಳಬೇಕೆಂದರೆ ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು. ಅಜ್ಜಿ ಹೇಳಿಬಿಟ್ಟಳು, ಫಲ ಹೋಯಿತು. ಬೆಳ್ಳಪ್ಪನ ಮಾನದ ಮುಂದೆ ನನ್ನ ಪರೀಕ್ಷೆ ಅವಳಿಗೆ ಹಗುರವಾಯಿತೇ ಅಂತ ಹೊಟ್ಟೆ ಉರಿಯಿತು. ಎದುರಿಗೇ ಬೆಳ್ಳಪ್ಪನ ಕೆಂಪಾದ ತೋಳು ಕಾಣುತ್ತಿತ್ತು, ಅದನ್ನು ನೋಡಿ ನಾಚಿಕೆಯೂ ಆಯಿತು.

ಸಾಗರದ ಹೈಸ್ಕೂಲು ಮುಟ್ಟಿದಾಗ ಗಂಟೆ ಹೊಡೆದಾಗಿತ್ತು. ಮೇಷ್ಟರು ಬಾಗಿಲಲ್ಲಿ ನಿಂತು ನನ್ನ ಹಾಲ್ ಟಿಕೇಟು ನೋಡಿದರು, ಗಡಿಯಾರ ನೋಡಿದರು, “ಇನ್ನು ಸ್ವಲ್ಪ ತಡವಾಗಿದ್ರೂ ಬಿಡ್ತಿರ್ಲಿಲ್ಲ, ಹೋಗು” ಅಂದರು. ಕೂತು ಬರೆಯತೊಡಗಿದರೆ ಕೈಯೆಲ್ಲ ಪೆಟ್ರೋಲು ವಾಸನೆ. ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಳು. ಅವಳ ಮೂಗು ಅವಳಿಗೆ, ನಾನು ಎಲ್ಲಾ ಪ್ರಶ್ನೆಗಳಿಗೂ ಉತ್ತರ ಬರೆದೆ.

ಹೊರಗೆ ಬರುವಷ್ಟರಲ್ಲಿ ಅಪ್ಪ ಗ್ಯಾರೇಜೊಂದರಲ್ಲಿ ಪಂಪಿಗೆ ಬೇರೆ ಪರದೆ ಹಾಕಿಸಿ, ಟಾಂಕಿ ಪೂರಾ ಬಸಿದು ತೊಳೆದಿದ್ದ. ಬೆಳ್ಳಪ್ಪನ ತೋಳಿಗೆ ಕೊಬ್ಬರಿಎಣ್ಣೆ ಹಚ್ಚಿ, ಹೋಟೆಲಿನಲ್ಲಿ ಕೂರಿಸಿ ದೋಸೆ ತಿನ್ನಿಸಿದ್ದನಂತೆ. ಚಪ್ಪಲಿಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಊರ ಕಡೆಗೆ ಹೊರಟೆವು. ಸಾಗರ ದಾಟಿ ಸ್ವಲ್ಪ ದೂರ ಬಂದಿದ್ದೇವೆ, ಎದುರಿನಿಂದ ರಸ್ತೆಯ ಅಂಚಿನಲ್ಲಿ ಒಬ್ಬ ಮುದುಕಿ ನಡೆದು ಬರುತ್ತಿದ್ದಾಳೆ, ಬರಿಗಾಲು, ತಲೆಯ ಮೇಲೆ ಸೆರಗು, ಕೈಯಲ್ಲಿ ಖಾಲಿ ಸೀಸೆ.

ನಮ್ಮ ಅಜ್ಜಿಯೇ. ನಾವು ಹೊರಟದ್ದೇ ಅವಳೂ ಹೊರಟಿದ್ದಳು, ಇನ್ನೊಂದು ಹರಕೆ ಹೊರಲು.

ಅಪ್ಪ ಬ್ರೇಕು ಹಾಕಿದ. “ಅವ್ವಾ, ಹತ್ತು. ವರದಹಳ್ಳಿಗೆ ತಾನೆ? ನಾನೇ ಬಿಡ್ತೀನಿ.”

ಅಜ್ಜಿ ತುಟಿಯ ಮೇಲೆ ಬೆರಳಿಟ್ಟಳು, ಕಾಲು ತೋರಿಸಿದಳು, ಮುಂದೆ ನಡೆದಳು.

“ನಡೆದೇ ಹೋಗ್ಬೇಕಂತೆ, ಮಾತೂ ಆಡಂಗಿಲ್ಲಂತೆ” ಅಂದ ಬೆಳ್ಳಪ್ಪ.

ಈಗ ಅಪ್ಪ ಕೂಗಾಡುತ್ತಾನೆ ಅಂದುಕೊಂಡೆ. ಅವನು ಕೂಗಲಿಲ್ಲ. ಜೀಪು ತಿರುಗಿಸಿ, ಫಸ್ಟ್ ಗೇರಿನಲ್ಲಿ ಅಜ್ಜಿಯ ಹಿಂದೆ ಹೊರಟ. “ಹೊಸ ಎಂಜಿನ್ ಹೇಗೂ ನಿಧಾನವೇ ಓಡಿಸ್ಬೇಕು” ಅಂದ, ಯಾರೂ ಕೇಳದಿದ್ದರೂ. ನಾನು ಚಪ್ಪಲಿ ಜೀಪಿನಲ್ಲೇ ಬಿಟ್ಟು ಇಳಿದು ಅಜ್ಜಿಯ ಪಕ್ಕ ನಡೆದೆ. ಅವಳು ನನ್ನ ಕೈ ಹಿಡಿದುಕೊಂಡಳು, ಕೈ ಬಿಸಿಯಾಗಿತ್ತು. ಸಾಗರದ ಪೇಟೆಯ ನಟ್ಟನಡುವೆ ಮುಂದೆ ನಾವಿಬ್ಬರು, ಹಿಂದೆ ಗೊರಗೊರ ಅನ್ನುವ ಜೀಪು. ಅಂಗಡಿಯವರು ಎದ್ದು ನಿಂತು ನೋಡಿದರು. ಹಿಂದೆ ಸಿಕ್ಕಿಹಾಕಿಕೊಂಡ ಲಾರಿಯವನು ಹಾರನ್ ಹೊಡೆದು ಹೊಡೆದು ಬೈದ. ಅನ್ನಕ್ಕೆ ಮೊದಲೇ ಸಾರು ಕೇಳುವ ನಮ್ಮಪ್ಪ ಒಂದು ಸಲವೂ ನಮ್ಮನ್ನು ದಾಟಲಿಲ್ಲ.

ವರದಹಳ್ಳಿ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಜ್ಜಿ ಗುಡ್ಡದ ಮೇಲೆ ಹೋಗಿ ಕೈಮುಗಿದು, ಸೀಸೆ ತುಂಬಿಸಿಕೊಂಡು ಇಳಿದು ಬಂದಳು. ಕೆಳಗೆ ಜೀಪಿನ ಬಾನೆಟ್ ಸಂದಿನಿಂದ ಹಬೆ ಏಳುತ್ತಿತ್ತು. ಅಷ್ಟು ದೂರ ಆಮೆಯ ಹಾಗೆ ತೆವಳಿದ್ದಕ್ಕೆ ಹೊಸ ಎಂಜಿನ್ ಕಾದು ರೇಡಿಯೇಟರಿನ ನೀರು ಕುದ್ದು ಆರಿಹೋಗಿತ್ತು. ಅಪ್ಪ ಗೋಣಿತಾಟು ಸುತ್ತಿ ಮುಚ್ಚಳ ತೆಗೆದ, ತಣಿಯಲೆಂದು ಕಾದ. ಬೆಳ್ಳಪ್ಪ ಕೊಡ ಹುಡುಕಲು ಹೊರಟ.

“ತಡಿ ಬೆಳ್ಳಪ್ಪ” ಅಂದ ಅಪ್ಪ. ಅಜ್ಜಿಯ ಕಡೆ ತಿರುಗಿದ. “ಅವ್ವಾ, ಇಲ್ಲಿ ಹಾಕು. ಇದು ನೀರು ಕುಡಿಯೋ ಬಾಯಿ. ಮೊದಲ ಗುಟುಕು ನೀನೇ ಹಾಕು.”

ಅಜ್ಜಿ ಅವನ ಮುಖವನ್ನೇ ನೋಡಿದಳು, ಹಾಸ್ಯಕ್ಕೆ ಹೇಳುತ್ತಿದ್ದಾನೋ ಅಂತ. ಅಪ್ಪ ನಗುತ್ತಿರಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು, ಹಬೆಯಿಂದ ಅಂತ ಆಮೇಲೆ ಹೇಳಿದ, ನಾವ್ಯಾರೂ ನಂಬಲಿಲ್ಲ. ಅಜ್ಜಿ ಸೆರಗು ಸರಿಮಾಡಿಕೊಂಡು, ಎಳೆಗೂಸಿಗೆ ಬಿಡುವಷ್ಟೇ ನಿಧಾನವಾಗಿ ರೇಡಿಯೇಟರಿನ ಬಾಯಿಗೆ ತೀರ್ಥ ಬಿಟ್ಟಳು. ಸರಿಯಾಗಿ ಅರ್ಧ. ಉಳಿದರ್ಧಕ್ಕೆ ಬಿರಡೆ ಹಾಕಿ ನನ್ನ ಕೈಗಿತ್ತಳು. ಮಿಕ್ಕ ನೀರನ್ನು ಬೆಳ್ಳಪ್ಪ ಕೊಡದಲ್ಲಿ ತಂದು ಹಾಕಿದ. ಹ್ಯಾಂಡಲಿನ ಮೊದಲ ಸುತ್ತಿಗೇ ಎಂಜಿನ್ ಎದ್ದಿತು. ಬರುವಾಗ ಅಜ್ಜಿ ಮುಂದಿನ ಸೀಟಿನಲ್ಲಿ ಕೂತು ಬಂದಳು.

ಮಾರನೆಯ ದಿನ ಗಣಿತದ ಪೇಪರಿಗೆ ನಾನು ಬಸ್ಸಿನಲ್ಲೇ ಹೋದೆ, ಅಪ್ಪನೇ ಹತ್ತಿಸಿದ. ಎರಡನೇ ಹರಕೆಯ ಬಗ್ಗೆ ಅಜ್ಜಿ ಎರಡು ತಿಂಗಳು ತುಟಿ ಎರಡು ಮಾಡಲಿಲ್ಲ. ರಿಸಲ್ಟು ಬಂದ ದಿನ ನಾನು ಸಾಗರದಿಂದ ಬಂದು ಜೀಪಿನಿಂದ ಇಳಿಯುವಷ್ಟರಲ್ಲಿ ಅವಳು ಅಂಗಳದಲ್ಲಿ ನಿಂತಿದ್ದಳು. ನಮಗಿಂತ ಮೊದಲೇ ಬಂದು ಬೆಳ್ಳಪ್ಪ ಕವಳದ ತಟ್ಟೆಗೆ ಹೊಸ ಎಲೆ ಜೋಡಿಸಿ ಕೂತಿದ್ದ.

“ಪಾಸಾ?”

“ಪಾಸು ಅಜ್ಜಿ.”

“ಗಣಿತದಾಗೆ ಎಷ್ಟು?”

“ಮೂವತ್ತಾರು. ಒಂದು ಕೂದಲೆಳೆಯಲ್ಲಿ ದಾಟಿದ್ದು.”

ಅಜ್ಜಿ ನನ್ನ ಕೆನ್ನೆ ಹಿಡಿದು, ಅಂಗಳದಲ್ಲಿ ನಿಂತ ಜೀಪಿನ ಕಡೆ ಒಂದು ಸಲ ನೋಡಿದಳು.

“ಮತ್ತೆಂತ ಮಗಾ, ಅರ್ಧ ಅದಕ್ಕೆ ಹಾಕಿದ್ನಲ್ಲ” ಅಂದಳು.